ನಿಮಿಷಕ್ಕೆ ಎಷ್ಟು ಪದ?

ಪ್ರಶ್ನೆ: ಮಗಳು 3ನೇ ತರಗತಿ. ನಿಮಿಷಕ್ಕೆ 60 ಪದ ಓದಬೇಕಂತೆ, ಅವಳು ಓದಿದ್ದು 41. ಅಂದಿನಿಂದ ದಿನಾ ರಾತ್ರಿ ಮೊಬೈಲಿನಲ್ಲಿ ಟೈಮರ್ ಇಟ್ಟು ಒಂದೇ ಪಾಠ ಓದಿಸುತ್ತಿದ್ದೇನೆ. ಈಗ 58ಕ್ಕೆ ಬಂದಿದ್ದಾಳೆ. ಆದರೆ ಏನು ಓದಿದೆ ಅಂತ ಕೇಳಿದರೆ ಸುಮ್ಮನೆ ಮುಖ ನೋಡುತ್ತಾಳೆ, ಪುಸ್ತಕ ತೆಗೆದರೆ ಅಳುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಮೊದಲು ಟೈಮರ್ ಎತ್ತಿಡಿ. 60 ಎಂಬ ಗುರಿ, ಚಿಕ್ಕ ಮಕ್ಕಳ ಓದು ಮತ್ತು ಲೆಕ್ಕ ಗಟ್ಟಿಯಾಗಲೆಂದು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಕಾರ್ಯಕ್ರಮದ್ದು. ಅಲ್ಲಿ ‘ಅರ್ಥ ಮಾಡಿಕೊಂಡು’ ಓದಬೇಕು ಎಂದೇ ಇದೆ. ಮನೆಗೆ ಬರುವಷ್ಟರಲ್ಲಿ ಆ ಮಾತು ಉದುರಿ ಬರೀ ಅಂಕಿ ಉಳಿಯುತ್ತದೆ. ಒಂದೇ ಪಾಠ ದಿನಾ ಓದಿದರೆ ಬಾಯಿಪಾಠವಾಗುತ್ತದೆ, ಹಾಗಾಗಿ ನಿಮ್ಮ 58ನ್ನು ನಂಬಬೇಡಿ.

ಇನ್ನೊಂದು ತೊಡಕು ಕನ್ನಡದ್ದೇ. ‘ಮರದ ಮೇಲೆ ಮಂಗ ಇದೆ’ ಎಂಬಲ್ಲಿ ನಾಲ್ಕು ಪದ, ಒಂಬತ್ತು ಅಕ್ಷರ. ‘ಓದುತ್ತಿದ್ದವರಿಗೆಲ್ಲ’ ಒಂದೇ ಪದ, ಎಂಟು ಅಕ್ಷರ, ಅದರಲ್ಲಿ ಮೂರಕ್ಕೆ ಒತ್ತು. ಎರಡನೆಯ ಬಗೆಯ ಪದಗಳು ತುಂಬಿದ ಪಾಠ ಕೊಟ್ಟರೆ ಚೆನ್ನಾಗಿ ಓದುವ ಮಗುವೂ ಹಿಂದೆ ಬಿದ್ದಂತೆ ಕಾಣುತ್ತದೆ.

ಅಳೆಯಲೇಬೇಕೆಂದರೆ ಹದಿನೈದು ದಿನಕ್ಕೊಮ್ಮೆ ಸಾಕು. ಮಗು ಹಿಂದೆ ಓದಿರದ, ಒಂದೇ ಮಟ್ಟದ ಮೂರು ಚಿಕ್ಕ ಪಾಠ ಆರಿಸಿ. ಒಂದೊಂದನ್ನೂ ಒಂದು ನಿಮಿಷ ಓದಿಸಿ, ಓದಿದ ಪದಗಳಲ್ಲಿ ತಪ್ಪು ಕಳೆಯಿರಿ. ಬಂದ ಮೂರು ಅಂಕಿಗಳಲ್ಲಿ ಹೆಚ್ಚಿನದನ್ನೂ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಬರೆದಿಡಿ. ತಾನೇ ತಿದ್ದಿಕೊಂಡದ್ದು ತಪ್ಪಲ್ಲ. ಮೂರು ಸೆಕೆಂಡ್ ತಡೆದು ನಿಂತರೆ ಪದ ನೀವೇ ಹೇಳಿ, ಅದನ್ನು ತಪ್ಪಿಗೆ ಸೇರಿಸಿ. ಮನೆಮಾತಿನ ರೂಢಿಯಿಂದ ‘ಹಾಲು’ ‘ಆಲು’ ಆದರೆ ತಪ್ಪೆಣಿಸಬೇಡಿ, ಮಗು ಅಕ್ಷರ ಸರಿಯಾಗಿಯೇ ಗುರುತಿಸಿದೆ. ಕೊನೆಗೆ ನಾಲ್ಕು ಪ್ರಶ್ನೆ ಕೇಳಿ. ಅದರಲ್ಲಿ ಒಂದಾದರೂ ‘ಯಾಕೆ’ ಎಂದಿರಲಿ. ಎರಡಕ್ಕಿಂತ ಕಡಿಮೆ ಉತ್ತರ ಬಂದರೆ ಎಷ್ಟೇ ವೇಗ ಇದ್ದರೂ ಪಾಠ ಸುಲಭ ಮಾಡಿ.

ಅಂಕಿಗಿಂತ ತಪ್ಪಿನ ಜಾತಿ ನೋಡಿ. ‘ಕಲ್ಲು’ ‘ಕಲು’ ಆದರೆ ಒತ್ತಕ್ಷರದ ಅಭ್ಯಾಸ ಬೇಕು, ‘ಕಾಡು’ ‘ಕಡು’ ಆದರೆ ದೀರ್ಘದ್ದು. ‘ಬಂದಳು’ ಎಂಬಲ್ಲಿ ‘ಬಂದಿದ್ದಳು’ ಎಂದರೆ ಹೆದರಬೇಡಿ, ಅವಳು ಅರ್ಥ ಹಿಡಿದು ಊಹಿಸುತ್ತಿದ್ದಾಳೆ.

ಉಳಿದ ದಿನ ಹತ್ತು ನಿಮಿಷ, ಅವಳೇ ಆರಿಸಿದ ಪುಸ್ತಕ. ಮೊದಲು ನೀವು ಓದಿ, ಆಮೇಲೆ ಇಬ್ಬರೂ ಜೊತೆಗೆ, ಕಡೆಗೆ ಅವಳೊಬ್ಬಳೇ. ಆಕಳಿಸಿದರೆ ಅಲ್ಲಿಗೇ ಮುಚ್ಚಿ. ಪುಸ್ತಕ ತೀರಾ ಹತ್ತಿರ ಹಿಡಿದು ಓದುತ್ತಿದ್ದರೆ ಕಣ್ಣು ತೋರಿಸಿ.

ಪ್ರಶ್ನೆ: ತರಗತಿಯ ಮಕ್ಕಳ ಓದಿನ ವೇಗವನ್ನು ಹೆಸರಿನ ಸಮೇತ ಗೋಡೆಗೆ ಹಾಕಬಹುದೇ? ಪೈಪೋಟಿ ಹುಟ್ಟುತ್ತದಲ್ಲ?
– ಶಿಕ್ಷಕರು, ಹಾವೇರಿ

ಉತ್ತರ: ಬೇಡ. ಪೈಪೋಟಿ ಮುಂದಿರುವ ನಾಲ್ಕೈದು ಮಕ್ಕಳ ನಡುವೆ ಮಾತ್ರ. ಹಿಂದಿರುವವರು ಕಷ್ಟದ ಪದ ಹಾರಿಸುವುದನ್ನು ಕಲಿಯುತ್ತಾರೆ. ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ ಇಡಿ: ದಿನಾಂಕ, ಪಾಠ, ಸರಿ ಪದ, ತಪ್ಪಿನ ಜಾತಿ, ಎಷ್ಟು ಪ್ರಶ್ನೆಗೆ ಉತ್ತರ. ಒಂದೇ ಜಾತಿಯ ತಪ್ಪು ಮಾಡುವ ಐದಾರು ಮಕ್ಕಳನ್ನು ಎರಡು ವಾರ ದಿನಕ್ಕೆ ಹತ್ತು ನಿಮಿಷ ಒಟ್ಟಿಗೆ ಕೂರಿಸಿ, ಆಮೇಲೆ ಗುಂಪು ಬದಲಿಸಿ.