ಹೊಸ ಸ್ಕೀ ಪದರ ಬಿಟ್ಕೊಂಡಿದೆ, ವಾರಂಟಿ ಸಿಗುತ್ತಾ?

ಪ್ರಶ್ನೆ: ಸಾರ್, ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ (ಕಾಲಿಗೆ ಸ್ಕೀ ಅನ್ನೋ ಉದ್ದ ಹಲಗೆ ಕಟ್ಕೊಂಡು ಹಿಮದ ಮೇಲೆ ಜಾರೋ ಆಟ) ಕಲಿತು ಹೋದ ವರ್ಷ ಹೊಸ ಸ್ಕೀ ತಗೊಂಡೆ, ಹತ್ತು ದಿನಾನೂ ಓಡಿಸಿಲ್ಲ, ಹಿಂದಿನ ತುದಿಯಲ್ಲಿ ಪದರ ಬಿಟ್ಕೊಂಡು ಉಗುರು ತೂರೋಷ್ಟು ಸಂದಿ ಆಗಿದೆ. ಅಂಗಡಿಯವರು ಕಲ್ಲಿಗೆ ಹೊಡೆಸಿದ್ದೀರಾ ಅಂತಾರೆ. ಏನ್ ಮಾಡ್ಲಿ?
– ಓದುಗರು, ಶಿರಾ ಗೇಟ್, ತುಮಕೂರು

ಉತ್ತರ: ಆಸೆ ಬಿಡಬೇಡಿ. ಸ್ಕೀ ಅಂದ್ರೆ ಒಂದೇ ಹಲಗೆ ಅಲ್ಲ, ಹೆಚ್ಚಿನವುಗಳಲ್ಲಿ ಮಧ್ಯೆ ಮರ, ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್, ತಳಕ್ಕೆ ಪಾಲಿಥಿಲೀನ್, ಅಂಚಿಗೆ ಸ್ಟೀಲ್, ಎಲ್ಲಾನೂ ಎಪಾಕ್ಸಿ ಅಂಟು ಹಾಕಿ ಬಿಸಿ ಪ್ರೆಸ್‌ನಲ್ಲಿ ಒತ್ತಿ ಕೂರಿಸಿರ್ತಾರೆ, ಆ ಅಂಟು ಸರಿಯಾಗಿ ಹಿಡೀದೇ ಇದ್ರೆ ಏಟು ಬೀಳದೇನೂ ಪದರ ಬಿಡುತ್ತೆ, ಅದು ತಯಾರಿಕೆ ದೋಷ, ವಾರಂಟಿ ಇರೋದೇ ಅದಕ್ಕೆ. ಸಂದಿ ಹತ್ರ ಬೆರಳಾಡಿಸಿ ನೋಡಿ. ಸ್ಟೀಲ್ ಅಂಚು ಬಗ್ಗಿದ್ರೆ, ತಳದಲ್ಲಿ ಆಳವಾದ ಗೀರಿದ್ರೆ ಕಲ್ಲೇಟು ಅಂತ ಕ್ಲೇಮ್ ತಳ್ಳಿಹಾಕ್ತಾರೆ. ಅಂಚು ನೇರವಾಗಿದ್ರೆ ನಿಮ್ಮ ವಾದ ಗಟ್ಟಿ.

ಬೆಳಕಲ್ಲಿಟ್ಟು ಹತ್ತಿರದಿಂದ ಫೋಟೊ ತೆಗೆದು, ಸೀರಿಯಲ್ ನಂಬರ್, ಬಿಲ್ ಸೇರಿಸಿ ಅಂಗಡಿಯವರಿಗೆ ಇಮೇಲ್ ಮಾಡಿ, ಬಾಯಿಮಾತಲ್ಲಿ ಬಿಡಬೇಡಿ. ವಾರಂಟಿ ಸಾಮಾನ್ಯವಾಗಿ ಒಂದೆರಡು ವರ್ಷ, ಬೇಗ ಮಾಡಿ. ನೀವೇ ಫೆವಿಕ್ವಿಕ್ ಹಾಕಿ ಅಂಟಿಸೋಕೆ ಹೋದ್ರೆ ಕ್ಲೇಮ್ ಕೈತಪ್ಪುತ್ತೆ, ದಯವಿಟ್ಟು ಬೇಡ.

ಅಂಗಡಿಯವರು ನಿಮ್ಮನ್ನ ಸುಮ್ನೆ ಓಡಾಡಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅದಕ್ಕೂ ಬಗ್ಗಲಿಲ್ಲ ಅಂದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಎಲ್ಲೇ ಇರ್ಲಿ, 2 ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಲ್ಲೀವರೆಗೂ ಸ್ಕೀನ ಒರೆಸಿ ಒಣಗಿಸಿ ಮನೆಯೊಳಗೆ ನೆರಳಲ್ಲಿಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಶೀಟ್ ಕೆಳಗಿನ ಅಟ್ಟದಲ್ಲಿಟ್ರೆ ಚೆನ್ನಾಗಿರೋ ಅಂಟೂ ಹಾಳಾಗಬಹುದು.