ಮದ್ದು, ಕೇಪು, ಖಾಲಿ ತೋಟಾ: ಮಿಸೌರಿಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ,

ನೀನು ಕೇಳಿದ್ದು ಇಷ್ಟು. ಕಾನ್ಸಾಸ್ ಸಿಟಿಗೆ ಬಂದು ನಾಲ್ಕು ತಿಂಗಳಾಯ್ತು. ಆಫೀಸಿನವರ ಜೊತೆ ಶೂಟಿಂಗ್ ರೇಂಜಿಗೆ ಹೋಗುತ್ತಿದ್ದೀಯ. ತೋಟಾ ಬೆಲೆ ಕೇಳಿದರೆ ಕೈ ಸುಡುತ್ತದೆ. ಖಾಲಿ ಕೇಸಿಗೆ ಮದ್ದು, ಗುಂಡು ಹಾಕಿ ಮನೆಯಲ್ಲೇ ತೋಟಾ ತುಂಬಿಕೊಂಡರೆ ಅಗ್ಗವಂತೆ, ಸೈನ್ಯದಲ್ಲಿ ಉಳಿದ ಸರ್‌ಪ್ಲಸ್ ಮಾಲು ಡಿಸ್ಕೌಂಟಿನಲ್ಲಿ ಎಲ್ಲಿ ಸಿಗುತ್ತದೆ ಅಣ್ಣಾ ಅಂತ.

ಹೇಳುತ್ತೇನೆ. ಆದರೆ ಮೊದಲು ನಿನ್ನ ವೀಸಾ.

ನೀನು ಕೊಡಗಿನವನು. ಲೈಸೆನ್ಸ್ ಇಲ್ಲದೆಯೇ ಮನೆಯಲ್ಲಿ ಕೋವಿ ಇಡುವ ವಿನಾಯಿತಿ ನಿಮಗಿದೆ. ಕೈಲ್‌ಪೋದ್‌ಗೆ ಕೋವಿಗೆ ಹೂವಿಟ್ಟು ಬೆಳೆದವನು. ಸಕಲೇಶಪುರದ ಕಡೆಯ ನಾವು ಒಂದು ಲೈಸೆನ್ಸಿಗೆ ಕಚೇರಿ ಕಚೇರಿ ಅಲೆಯುವಾಗ ನಿಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡದ್ದುಂಟು. ಇಲ್ಲಿ ಲೆಕ್ಕ ತಿರುಗುಮುರುಗು. ಪಕ್ಕದ ಮನೆಯವನು ಸಂತೆಯಲ್ಲಿ ಬದನೆಕಾಯಿ ತಂದ ಹಾಗೆ ತೋಟಾ ತರುತ್ತಾನೆ, ಎಚ್-1ಬಿಯಲ್ಲಿರುವ ನೀನು ಮುಟ್ಟುವ ಹಾಗಿಲ್ಲ. ಗ್ರೀನ್ ಕಾರ್ಡ್ ಇಲ್ಲದ, ಎಚ್-1ಬಿಯಂಥ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ನಮ್ಮಂಥವರಿಗೆ ಇರುವ ಮುಖ್ಯ ದಾರಿ ಒಂದು: ಅವಧಿ ಮುಗಿಯದ ಬೇಟೆ ಪರ್ಮಿಟ್ ಕೈಯಲ್ಲಿರಬೇಕು. ರೇಂಜಿನಲ್ಲಿ ಬಾಡಿಗೆ ಕೋವಿ ಹಿಡಿದರೂ ಇದೇ ಕಾನೂನು. ಅಲ್ಲಿ ಕೌಂಟರಿನವರು ಕೇಳಲಿಲ್ಲ ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಇನ್ನೂ ಒಂದಿದೆ, ಇದು ಇಲ್ಲಿನವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಕಾನೂನಿನಲ್ಲಿ ತೋಟಾ ಅಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಹಿತ್ತಾಳೆಯ ಖಾಲಿ ಕೇಸು, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರು (ನಮ್ಮ ಕೇಪು ಅನ್ನು), ಮದ್ದು, ಗುಂಡು, ನಾಲ್ಕೂ ಬೇರೆಬೇರೆಯಾಗಿಯೇ ತೋಟಾ ಅಂತ ಲೆಕ್ಕ. ಅಂದರೆ ನೀನು ಸುಮ್ನೆ ಬಕೆಟ್ಟಿಗೆ ಹಾಕಿಟ್ಟ ಖಾಲಿ ಕೇಸೂ ಲೆಕ್ಕಕ್ಕೆ ಬಂತು. ಆದ್ದರಿಂದ ಮೊದಲು ಮಿಸೌರಿಯ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸು. 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅದು ಬೇಕು. ಪರ್ಮಿಟ್ ತೆಗೆದುಕೊಂಡು, ಇಮಿಗ್ರೇಶನ್ ವಕೀಲರಿಗೆ ಒಂದು ಫೋನು ಮಾಡು. ಅಲ್ಲಿಯವರೆಗೆ ರೇಂಜಿಗೂ ರಜೆ.

ಪರ್ಮಿಟ್ ಬಂತು ಅಂತಿಟ್ಟುಕೋ. ನಿನ್ನ ಅದೃಷ್ಟ, ನೀನಿರುವುದು ಈ ಹುಚ್ಚಿನ ತವರಿನಲ್ಲಿ. ಪಕ್ಕದ ಇಂಡಿಪೆಂಡೆನ್ಸ್ ಊರಿನಲ್ಲಿ ಲೇಕ್ ಸಿಟಿ ಕಾರ್ಖಾನೆ ಇದೆ. 1941ರಲ್ಲಿ ಶುರುವಾದ ಅದು ಅಮೆರಿಕದ ಸೈನ್ಯಕ್ಕೆ ತೋಟಾ ಮಾಡುತ್ತದೆ. ಕೇಸಿನ ಬುಡದಲ್ಲಿ ‘ಎಲ್‌ಸಿ’ ಅಂತ ಅಚ್ಚು, ಜೊತೆಗೆ ವರ್ಷದ ಎರಡು ಅಂಕಿ ಇರುತ್ತದೆ. ಇಲ್ಲಿಂದ ಸ್ವಲ್ಪ ದೂರದ ಸೆಡೇಲಿಯಾದಲ್ಲಿ ಸಿಯೆರಾದವರು ಗುಂಡು ಮಾಡುತ್ತಾರೆ, ಸ್ಟಾರ್‌ಲೈನ್‌ನವರು ಹಿತ್ತಾಳೆ ಕೇಸು ಮಾಡುತ್ತಾರೆ. ಕಾನ್ಸಾಸ್ ಕಡೆಯ ಶಾನಿಯಲ್ಲಿ ಹಾಜ್ಡನ್ ಮದ್ದಿನ ಕಂಪನಿ. ಅದು ಹುಟ್ಟಿದ್ದೇ ಸರ್‌ಪ್ಲಸ್‌ನಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದ ಮದ್ದನ್ನು ಬ್ರೂಸ್ ಹಾಜ್ಡನ್ ಕೊಂಡು ಹವ್ಯಾಸಿಗಳಿಗೆ ಮಾರಿದರು. ಆ ಮದ್ದು ಯಾವತ್ತೋ ಖಾಲಿಯಾಯ್ತು. ಈಗ ಆ ಮದ್ದಿನ ಹೆಸರಾದ 4895 ಅನ್ನುವ ಅಂಕಿ ಡಬ್ಬಿಯ ಮೇಲಿದ್ದರೂ ಒಳಗಿರುವುದು ಹೊಸದಾಗಿ ತಯಾರಿಸಿದ ಮಾಲು.

ಹಾಗಾಗಿ ಸರ್‌ಪ್ಲಸ್ ಅಂದರೆ ಇವತ್ತು ಜಾಸ್ತಿ ಸಿಗುವುದು ಕೇಸು. ಅಲ್ಲೂ ಕಣ್ಣಿಟ್ಟು ಕೊಳ್ಳಬೇಕು. ಸೈನ್ಯದ ಕೇಸಿನಲ್ಲಿ ಪ್ರೈಮರು ಅಲುಗಾಡದ ಹಾಗೆ ಅಂಚು ಒತ್ತಿರುತ್ತಾರೆ. ಹಳೆಯದನ್ನು ತೆಗೆದ ಮೇಲೆ ಆ ಅಂಚನ್ನು ಕೆರೆಯದಿದ್ದರೆ ಹೊಸ ಪ್ರೈಮರು ಕೂರುವುದಿಲ್ಲ. ನಾನು ಮೊದಲ ಸಲ ಸಾವಿರ ಕೇಸು ಅಗ್ಗಕ್ಕೆ ತಂದು, ಆಮೇಲೆ ಒಂದು ವಾರ ಸಂಜೆಯೆಲ್ಲಾ ಅಡುಗೆಮನೆ ಮೇಜಿನ ಮೇಲೆ ಕೆರೆಯುತ್ತಾ ಕೂತಿದ್ದೆ. ಹೆಂಡತಿ ಅವರೆಕಾಳು ಹಿಸುಕುತ್ತಾ ಎದುರಿಗೆ ಕೂತಿದ್ದಳು. ಅವಳ ಕೆಲಸ ಬೇಗ ಮುಗಿಯಿತು. ಯುರೋಪಿನ ಹಳೆಯ ಸರ್‌ಪ್ಲಸ್ ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವುದು ಬರ್ಡನ್ ಪ್ರೈಮರು, ಒಳಗೆ ಎರಡು ತೂತು, ಮಾಮೂಲಿ ಪಿನ್ನಿನಿಂದ ಹೊರಗೆ ಬರುವುದಿಲ್ಲ. ತಮಾಷೆ ಏನೆಂದರೆ ಬರ್ಡನ್ ಅಮೆರಿಕದವನು, ಇಲ್ಲಿ ಎಲ್ಲರೂ ಬಳಸುವ ಬಾಕ್ಸರ್ ಪ್ರೈಮರು ಇಂಗ್ಲೆಂಡಿನವನದು.

ಇದಕ್ಕಿಂತ ಅಗ್ಗದ ಕೇಸು ರೇಂಜಿನ ನೆಲದ ಮೇಲಿದೆ. ಕೆಲವು ಕಡೆ ನೀನು ಹೊಡೆದದ್ದನ್ನು ಮಾತ್ರ ಹೆಕ್ಕಬಹುದು, ಕೇಳಿ ಹೆಕ್ಕು. ಆಯಸ್ಕಾಂತ ಜೇಬಿನಲ್ಲಿರಲಿ, ಅಂಟಿದರೆ ಉಕ್ಕು, ಬಿಸಾಕು. 9 ಎಂಎಂ ರಾಶಿಯಲ್ಲಿ .380 ಕೇಸು ಅವಿತಿರುತ್ತದೆ (ಈ ಅಂಕಿಗಳೆಲ್ಲ ತೋಟಾದ ಅಳತೆಯ ಹೆಸರು). .45ರಲ್ಲಿ ದೊಡ್ಡ ಪ್ರೈಮರಿನದು, ಸಣ್ಣದು ಎರಡೂ ಬರುತ್ತವೆ.

ಗುಂಡಿನಲ್ಲಿ ‘ಬ್ಲೆಮ್’ ಅಂತ ಮಾರುವುದನ್ನು ಧೈರ್ಯವಾಗಿ ತಗೋ. ಮೇಲೆ ಕಲೆಯೋ ಬಣ್ಣ ಮಾಸಿದ್ದೋ ಇರುತ್ತದೆ, ಗುರಿಗೆ ಅಷ್ಟೇನೂ ವ್ಯತ್ಯಾಸವಿಲ್ಲ. ತೋಟಾ ಒತ್ತುವ ಪ್ರೆಸ್ಸು, ಮದ್ದು ತೂಗುವ ತಕ್ಕಡಿ ಇವೆಲ್ಲ ಹೊಸದು ಬೇಡ. ಹಳ್ಳಿ ಕಡೆ ಯಜಮಾನರು ತೀರಿಕೊಂಡ ಮನೆಗಳಲ್ಲಿ ಎಸ್ಟೇಟ್ ಸೇಲ್ ನಡೆಯುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಹಸಿರು ಬಣ್ಣದ ಆರ್‌ಸಿಬಿಎಸ್ ರಾಕ್ ಚಕರ್ ಪ್ರೆಸ್ಸು ಕಂಡರೆ ಬಿಡಬೇಡ. ನಮ್ಮ ಅಜ್ಜಿಯ ಒರಳುಕಲ್ಲಿನ ಹಾಗೆ, ಸವೆಯುವುದೇ ಇಲ್ಲ.

ಆದರೆ ಅದೇ ಗ್ಯಾರೇಜಿನಲ್ಲಿ ಅರ್ಧ ಡಬ್ಬಿ ಮದ್ದು ಇಟ್ಟಿರುತ್ತಾರೆ. ಬಿಟ್ಟಿ ಕೊಟ್ಟರೂ ಬೇಡ. ನಾನು ಒಮ್ಮೆ ತಂದೆ. ಮುಚ್ಚಳ ತೆಗೆದರೆ ಹುಳಿ ಹೊಗೆಯಂಥ ಘಾಟು, ಒಳಗೆ ಕೆಂಪು ಧೂಳು. ಕೆಟ್ಟ ಮದ್ದಿನ ಗುರುತು ಅದು ಅಂತ ರೇಂಜಿನ ಹಿರಿಯರೊಬ್ಬರು ಬೈದರು. ಅದಕ್ಕಿಂತ ಭಯದ್ದು ಬೇರೆಯದಿದೆ. ಲೇಬಲ್ಲಿನಲ್ಲಿ ಒಂದು ಮದ್ದು, ಒಳಗೆ ಇನ್ನೊಂದು ಇದ್ದರೆ ಕಣ್ಣಿನಿಂದ ಗೊತ್ತಾಗುವುದಿಲ್ಲ. ಅಜ್ಜ ಕೇಪಿನ ಕೋವಿಗೆ ಮದ್ದು ಜಡಿದ ಹಾಗೆ ಅಂದಾಜಿನಲ್ಲಿ ತುಂಬುವ ಮಾಲಲ್ಲ ಇದು. ಮದ್ದು, ಪ್ರೈಮರು ಎರಡೂ ಸೀಲ್ ಒಡೆಯದ ಡಬ್ಬಿಯಲ್ಲಿ, ಅಂಗಡಿಯಿಂದಲೇ. ಅಳತೆ ಕಂಪನಿಯ ಪುಸ್ತಕದಿಂದಲೇ.

ಇದರಲ್ಲಿ ಉಳಿತಾಯ ಸಾಗಣೆಯಲ್ಲಿದೆ. ಕೊರಿಯರಿನಲ್ಲಿ ತರಿಸಿದರೆ ಹ್ಯಾಜ್‌ಮ್ಯಾಟ್ (ಅಪಾಯಕಾರಿ ಮಾಲಿನ) ಶುಲ್ಕ ಅಂತ ಬೇರೆ ಹಾಕುತ್ತಾರೆ. ಒಂದು ಪೌಂಡು ತರಿಸಿದರೂ ಎಂಟು ತರಿಸಿದರೂ ಅಷ್ಟೇ. ನಾವು ನಾಲ್ಕು ಜನ ಸೇರಿ ಒಂದೇ ಆರ್ಡರ್ ಹಾಕುತ್ತೇವೆ, ಶುಲ್ಕ ಮನ್ನಾ ಮಾಡುವ ದಿನ ಕಾಯುತ್ತೇವೆ. 2020ರ ನಂತರ ಪ್ರೈಮರೇ ಸಿಗದೆ ಜನ ಪರದಾಡಿದರು. ಹಾಗಂತ ಮೂಟೆಗಟ್ಟಲೆ ಕೂಡಿಡಬೇಡ. ಮನೆಯಲ್ಲಿ 20 ಪೌಂಡ್ ಮದ್ದು, 10,000 ಪ್ರೈಮರು ಇಲ್ಲಿನ ಬೆಂಕಿ ಸುರಕ್ಷತೆಯ ನಿಯಮಗಳಲ್ಲಿ ಸಾಮಾನ್ಯ ಮಿತಿ. ಅಪಾರ್ಟ್‌ಮೆಂಟಿನ ಕರಾರಿನಲ್ಲಿ ಅದೂ ಇಲ್ಲ ಅಂತ ಬರೆದಿರಬಹುದು, ಓದು.

ದುಡ್ಡು ಉಳಿಯುತ್ತದಾ? 9 ಎಂಎಂಗೆ ಹೆಚ್ಚೇನಿಲ್ಲ. .30-06, .45 ಆದರೆ ಹೌದು.

ಕೊನೆಗೆ ಚಿಕ್ಕಪ್ಪನ ತೋಟಾ ಕೋವಿಗೆ ಒಂದಿಷ್ಟು ಕೇಸು ಒಯ್ಯಲಾ ಅಂತ ಕೇಳಿದ್ದೀಯ. ಒಯ್ಯಬೇಡ, ಒಂದೂ ಬೇಡ. ಮದ್ದು, ಪ್ರೈಮರು ವಿಮಾನದ ಯಾವ ಬ್ಯಾಗಿನಲ್ಲೂ ನಿಷಿದ್ಧ. ಬೆಂಗಳೂರಿನಲ್ಲಿ ಬ್ಯಾಗಿನ ಸಂದಿಯಲ್ಲಿ ಒಂದು ತೋಟಾ ಸಿಕ್ಕಿದರೂ ಪೊಲೀಸ್ ಠಾಣೆ. ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಬ್ಯಾಗು ಮುಟ್ಟಬೇಡ. ಸೂಟ್‌ಕೇಸು ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಎರಡಿವೆ, ಬಂದು ತಗೊಂಡು ಹೋಗು.