ಫುಜಿವಾರಾ ನೊ ಫುಹಿತೊ ಸಿಂಹಾಸನ ಏರದೆಯೇ ಜಪಾನಿನಲ್ಲಿ ಅಷ್ಟು ಪ್ರಭಾವಿ ಆಗಿದ್ದು ಹೇಗೆ?

ಮುಖ್ಯವಾಗಿ, ಅರಮನೆಗೆ ಹೆಣ್ಣು ಕೊಟ್ಟು. ಚಕ್ರವರ್ತಿಯ ತಾಯಿಯ ತಂದೆ ಆಗುವುದೇ ಆತ ಹಿಡಿದ ದಾರಿ.

ಚಕ್ರವರ್ತಿಯ ಆಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಫುಹಿತೊ (659–720) ದಡ್ಡನೇನಲ್ಲ. 701ರ ತೈಹೊ ಕಾನೂನು ಸಂಹಿತೆ ರೂಪಿಸಿದವರಲ್ಲಿ ಆತನೂ ಒಬ್ಬ. ತಂದೆ ಕಮತಾರಿಗೆ ಸಾಯುವ ಹೊತ್ತಿಗೆ ಚಕ್ರವರ್ತಿ ಕೊಟ್ಟ ಫುಜಿವಾರಾ ಎಂಬ ಹೆಸರು 698ರಲ್ಲಿ ಫುಹಿತೊವಿನ ಸಂತತಿಗೆ ಮಾತ್ರ ಎಂದು ಆಜ್ಞೆಯೂ ಆಯಿತು. ಆದರೆ ಪದವಿ ಒಬ್ಬನ ಜೊತೆ ಮುಗಿಯುತ್ತದೆ, ನೆಂಟಸ್ತನ ಮುಗಿಯುವುದಿಲ್ಲ, ಅಲ್ವಾ?

ಆಗಿನ ಜಪಾನಿನ ಗಣ್ಯರಲ್ಲಿ ಮಕ್ಕಳು ಹೆಚ್ಚಾಗಿ ತಾಯಿಯ ತವರಿನಲ್ಲೇ ಬೆಳೆಯುತ್ತಿದ್ದರು. ಹಾಗಾಗಿ ಮುಂದಿನ ದೊರೆಗೆ ಅಪ್ಪನ ಕಡೆಯವರಿಗಿಂತ ಅಜ್ಜ, ಸೋದರಮಾವಂದಿರೇ ಜಾಸ್ತಿ ಹತ್ತಿರ. ಫುಹಿತೊವಿನ ಮಗಳು ಮಿಯಾಕೊ ಚಕ್ರವರ್ತಿ ಮೊಮ್ಮುವನ್ನು ಮದುವೆಯಾದಳು, 701ರಲ್ಲಿ ಮಗ ಹುಟ್ಟಿದ, ಅವನೇ ಮುಂದೆ ಚಕ್ರವರ್ತಿ ಶೋಮು. ಆ ಮೊಮ್ಮಗನಿಗೇ ಫುಹಿತೊ ತನ್ನ ಇನ್ನೊಬ್ಬ ಹೆಂಡತಿ ಮಿಚಿಯೊಳ ಮಗಳು ಕೋಮ್ಯೊಳನ್ನು ಕೊಟ್ಟ. ಅಂದರೆ ಹುಡುಗಿ ಸಂಬಂಧದಲ್ಲಿ ಶೋಮುಗೆ ಚಿಕ್ಕಮ್ಮ! ರಾಜವಂಶದಲ್ಲಿ ಹುಟ್ಟದಿದ್ದರೂ ಆಕೆ 729ರಲ್ಲಿ ಪಟ್ಟದರಸಿಯಾದಳು.

ನನಗೆ ಮರುಕ ಹುಟ್ಟಿಸುವುದು ಮಿಯಾಕೊ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಸುಮಾರು 36 ವರ್ಷ ಮಗನ ಮುಖವನ್ನೇ ನೋಡಲಿಲ್ಲ. ಅವರು ಭೇಟಿಯಾದದ್ದು 737ರಲ್ಲಿ. ಅದೇ ವರ್ಷ ಫುಹಿತೊವಿನ ನಾಲ್ಕೂ ಗಂಡುಮಕ್ಕಳು ಸಿಡುಬಿಗೆ ಬಲಿಯಾದರು. ಆದರೂ ಮನೆತನ ಅಳಿಯಲಿಲ್ಲ, ಆ ನಾಲ್ವರ ನಾಲ್ಕು ಶಾಖೆಗಳು ಮುಂದುವರಿದವು.